ಏಳು ತಿಂಗಳಿಗೇ ಬಂದವಳು

ಮೂರನೇ ಇಯತ್ತೆಯ ಮಕ್ಕಳಿಗೆ ಶುದ್ಧಬರಹ ಹೇಳುತ್ತಿದ್ದೆ. ಮಧ್ಯಾಹ್ನದ ಊಟ ಮುಗಿದು ಮಕ್ಕಳ ಕಣ್ಣು ತೂಗುವ ಹೊತ್ತು. ನಿಂಬರ್ಗಾದ ನಮ್ಮ ಶಾಲೆಯ ಕಿಟಕಿಯಾಚೆ ತೊಗರಿ ಹೊಲ ಬಿಸಿಲಿಗೆ ಸುಮ್ಮನೆ ನಿಂತಿತ್ತು. ನಡುವಿನಲ್ಲಿ ಸಣ್ಣಗೆ ಏನೋ ಹಿಡಿದಂತಾಯಿತು. ನೋವು ಅನ್ನುವಂಥದ್ದಲ್ಲ. ಒಳಗಿನಿಂದ ಯಾರೋ ಸೆರಗು ಹಿಡಿದು ಎಳೆದ ಹಾಗೆ. ಹೇಳುವುದನ್ನು ನಿಲ್ಲಿಸಿದೆ. ಮಕ್ಕಳು ಪಾಟಿಯಿಂದ ತಲೆಯೆತ್ತಿ ನೋಡಿದರು. ಮತ್ತೆ ಶುರುಮಾಡಿದೆ. ಮತ್ತೆ ಹಿಡಿಯಿತು.

ಆಮೇಲೆ ಕಾಲಗುಂಟ ಬೆಚ್ಚಗೆ ನೀರು ಇಳಿಯಿತು.

ನನಗೆ ಏಳು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಬರುವ ಸೋಮವಾರ ಸೀಮಂತದ ಕುಬಸ ಇಟ್ಟಿದ್ದರು. ಹಸಿರು ಸೀರೆಯೂ ಬಂದಿತ್ತು, ಮಡಿಕೆ ಬಿಚ್ಚಿರಲಿಲ್ಲ.

ನನ್ನ ಹೆಸರು ಶಶಿಕಲಾ. ತವರು ನರೋಣಾ, ಮನೆ ಆಳಂದ, ನೌಕರಿ ನಿಂಬರ್ಗಾದ ಪ್ರಾಥಮಿಕ ಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗಂಡ ಶರಣಪ್ಪ ಆಳಂದ–ಗುಲ್ಬರ್ಗಾ ಬಸ್ಸಿನ ಕಂಡಕ್ಟರ್. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ನಿಂತ ಬಸಿರು ಇದು. ಬಸಿರಿನಲ್ಲಿ ನಾನು ನೌಕರಿಗೆ ಹೋಗುವುದು ಅತ್ತೆಗೆ ಮನಸ್ಸಿರಲಿಲ್ಲ. ಬಾಯಿಬಿಟ್ಟು ಬೈದವರಲ್ಲ. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಮಾತ್ರ, ಒಲೆಗೆ ಹೇಳಿದ ಹಾಗೆ ಹೇಳುತ್ತಿದ್ದರು: “ಆ ದಾರಿಯೊಳಗ ಬಸ್ಸು ಎತ್ತಿ ಎತ್ತಿ ಒಗೀತದ.”

ಆ ಮಧ್ಯಾಹ್ನವೂ ಅದೇ ದಾರಿಯ ಬಸ್ಸಿನಲ್ಲೇ ನನ್ನನ್ನು ಆಳಂದಕ್ಕೆ ತಂದರು. ನನ್ನ ಜೊತೆಯ ಟೀಚರ್ ಒಬ್ಬರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಡ್ರೈವರ್ ಸ್ಟ್ಯಾಂಡಿಗೆ ಹೋಗದೆ ಸೀದಾ ದವಾಖಾನೆಯ ಗೇಟಿಗೇ ಬಸ್ಸು ತಿರುಗಿಸಿದ. ಕಿಟಕಿಯಲ್ಲಿ ಬೇವಿನ ಗಿಡಗಳು ತಲೆಕೆಳಗಾಗಿ ಓಡುತ್ತಿದ್ದವು. ಎಲ್ಲ ಬೇರೆ ಯಾರಿಗೋ ಆಗುತ್ತಿದೆ, ನಾನು ಆ ಟೀಚರ್ ತೊಡೆಯ ಮೇಲೆ ಮಲಗಿ ಅದನ್ನು ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು.

“ಇನ್ನೂ ದಿನಾ ತುಂಬಿಲ್ರಿ ಟೀಚರ್. ತಡೀಲಾಕ ನೋಡೋಣು,” ಎಂದು ಲೇಡಿ ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ತಡೆಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆರಿಗೆಯಾಯಿತು.

ಅಳು ಕೇಳಲಿಲ್ಲ.

ಎಷ್ಟು ಹೊತ್ತು ಕಳೆಯಿತೋ ಗೊತ್ತಿಲ್ಲ. ಆಮೇಲೆ ಹೊಸ ಚಪ್ಪಲಿ ಕಿರುಗುಟ್ಟಿದಂಥ ಒಂದು ಸಣ್ಣ ಸದ್ದು ಬಂತು. “ಹೆಣ್ಣು,” ಅಂದಳು ನರ್ಸ್. “ಒಂದು ಕೇಜಿ ಇನ್ನೂರು ಗ್ರಾಂ.” ಅಷ್ಟರಲ್ಲಿ ನನಗೆ ರಕ್ತಸ್ರಾವ ಶುರುವಾಗಿತ್ತು. ಎಲ್ಲರೂ ನನ್ನ ಕಾಲಿನ ಕಡೆ ಓಡಾಡುತ್ತಿದ್ದರು. ಬಾಗಿಲ ಬಳಿ ಡಾಕ್ಟರ್ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಇದನ್ನ ಉಳಿಸ್ಲಾಕ ಇಲ್ಲಿ ನಮ್ಮ ಹತ್ರ ಏನೂ ಇಲ್ರಿ. ಗುಲ್ಬರ್ಗಾಕ್ಕ ಒಯ್ರಿ, ಈಗಿಂದೀಗ. ಜೀಪು ಕೊಡ್ತೀವಿ. ದಾರಿಯೊಳಗ ಥಂಡಿ ಹತ್ತಬಾರ್ದು.”

ಮೂಲೆಯಲ್ಲಿ ನಿಂತಿದ್ದ ಅತ್ತೆ ಮುಂದೆ ಬಂದರು. ಗೋಡೆಯ ಕಡೆ ತಿರುಗಿ ಕುಪ್ಪಸದ ಗುಂಡಿ ಬಿಚ್ಚತೊಡಗಿದರು.

“ಅವ್ವಾ, ಏನು ಮಾಡಾಕತ್ತೀ?” ಎಂದ ನನ್ನ ಗಂಡ.

“ಥಂಡಿ ಹತ್ತಬಾರ್ದಂತ ಹೇಳ್ಯಾರಲ್ಲ,” ಅಂದರು ಅತ್ತೆ. ಕೈ ಚಾಚಿದರು. “ಕೊಡ್ರಿ ಇಲ್ಲಿ.”

ಹತ್ತಿಯಲ್ಲಿ ಸುತ್ತಿದ ಗಂಟೊಂದನ್ನು ನರ್ಸ್ ಅವರ ಎದೆಗಿಟ್ಟಳು. ಅತ್ತೆ ಅದರ ಮೇಲೆ ಕುಪ್ಪಸ ಮುಚ್ಚಿ, ಸೆರಗು ಮುಚ್ಚಿ, ಮೇಲೆ ಕಂಬಳಿ ಹೊದ್ದರು. ನನಗೆ ಕಂಡದ್ದು ಒಂದು ಕಿವಿ ಮಾತ್ರ. ಕಿವಿಯೂ ಅಲ್ಲ, ಒದ್ದೆ ಕಾಗದ ಮಡಚಿಕೊಂಡ ಹಾಗೆ ತಲೆಗೆ ಅಂಟಿಕೊಂಡಿದ್ದ ಒಂದು ಚೂರು. ಜೀಪಿನ ಸದ್ದು ದೂರವಾಯಿತು.

ಹನ್ನೊಂದು ದಿನ ನಾನು ಆಳಂದದ ದವಾಖಾನೆಯಲ್ಲೇ ಉಳಿದೆ. ರಕ್ತ ನಿಂತಿತು, ಜ್ವರ ಹಿಡಿಯಿತು. ನರೋಣಾದಿಂದ ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಆ ದಿನಗಳು ನನಗೆ ಒಂದರ ಹಿಂದೆ ಒಂದು ನೆನಪಾಗುವುದಿಲ್ಲ. ಹಗಲೆಲ್ಲ ನಿದ್ದೆ. ಕಣ್ಣು ಮುಚ್ಚಿದರೆ ತೊಗರಿ ಹೊಲದಲ್ಲಿ ಸಾಲು ಹಿಡಿದು ನಡೆಯುತ್ತಿರುತ್ತಿದ್ದೆ, ಏನನ್ನೋ ಎಲ್ಲೋ ಇಟ್ಟು ಮರೆತಿದ್ದೇನೆ, ಏನು ಅನ್ನುವುದೂ ಮರೆತಿದೆ. ಗಿಡಗಳು ನನ್ನ ಭುಜದೆತ್ತರ ಬೆಳೆದು, ತಲೆಯೆತ್ತರ ಬೆಳೆದು, ಕೊನೆಗೆ ಹಳದಿ ಬೆಳಕು ಮಾತ್ರ ಉಳಿಯುತ್ತಿತ್ತು. ಕಣ್ಣು ತೆರೆದರೆ ಅದೇ ಹಳದಿ ಬೆಳಕು ವಾರ್ಡಿನ ಗೋಡೆಯ ಮೇಲೆ. ಹೊಟ್ಟೆ ಮುಟ್ಟಿಕೊಂಡರೆ ಖಾಲಿ. ಪಕ್ಕ ಮುಟ್ಟಿದರೆ ಅಲ್ಲೂ ಖಾಲಿ.

“ಅವ್ವಾ, ನಾ ಖರೇನೇ ಹಡದೀನೇನು?”

“ಹಡದೀ ಯವ್ವಾ. ಹೆಣ್ಣು ಕೂಸು.”

“ನೀ ನೋಡಿಯೇನು?”

ಅವ್ವ ನನ್ನ ಹೊದಿಕೆ ಸರಿಮಾಡಿದಳು. “ನಾನೂ ನೋಡಿಲ್ಲ. ನಿಮ್ಮತ್ತಿ ನೋಡ್ಯಾಳ.”

ಮೂರನೆಯ ದಿನ ಹಾಲು ಬಂತು. ಎದೆ ಕಲ್ಲಾಯಿತು, ರವಿಕೆ ತೊಯ್ದಿತು. ಕುಡಿಯುವ ಬಾಯಿ ನಲವತ್ತು ಕಿಲೋಮೀಟರ್ ದೂರ. ಆಗ ನಾನು ಮೊದಲ ಸಲ ಅತ್ತುಬಿಟ್ಟೆ. ಮೈಯೊಂದೇ ಎಲ್ಲವನ್ನೂ ನಂಬಿತ್ತು, ನಾನೇ ನಂಬಿರಲಿಲ್ಲ.

“ಗುಲ್ಬರ್ಗಾದ ಮಕ್ಕಳ ಡಾಕ್ಟರ್ ಹೇಳಿ ಕಳಿಸ್ಯಾರ್ರಿ, ತಾಯಿ ಹಾಲೇ ಬೇಕಂತ,” ಎಂದರು ಲೇಡಿ ಡಾಕ್ಟರ್. “ಮೂಗಿನಾಗ ನಳಿ ಹಾಕಿ ಹನಿ ಹನಿ ಕೊಡ್ತಾರ. ಒಂದು ಚಮಚ ಆದ್ರೂ ಹಿಂಡಿ ಕಳಸ್ರಿ. ಜ್ವರ ಇದ್ರ ಏನೂ ಆಗಲ್ಲ.”

ಹೀಗೆ ಹಾಲು ಬಸ್ಸು ಹತ್ತಿತು. ದಿನಾ ಬೆಳಗಿನಲ್ಲಿ ಅವ್ವ ಔಷಧಿಯ ಸಣ್ಣ ಬಾಟಲಿಯೊಂದನ್ನು ಕುದಿಸುತ್ತಿದ್ದಳು. ನಾನು ಹಿಂಡುತ್ತಿದ್ದೆ. ಮೊದಮೊದಲು ಬಾಟಲಿಯ ತಳ ಮುಚ್ಚಿದರೆ ಹೆಚ್ಚು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಗಂಡ ಗುಲ್ಬರ್ಗಾಕ್ಕೆ ಹೊರಡುವ ಮೊದಲ ಬಸ್ಸಿಗೆ ಒಯ್ಯುತ್ತಿದ್ದ. ಅವನ ಬಸ್ಸಿನ ಡ್ರೈವರ್ ಖಾದರ್ ಸಾಬ್, ಗಡ್ಡಕ್ಕೆ ಮೆಹಂದಿ ಹಚ್ಚುವ ಹಿರಿಯರು. ತಮ್ಮ ಸೀಟಿನ ಪಕ್ಕದಲ್ಲಿ ತಂಬಿಗೆ ಇಡುವ ಜಾಗ ಖಾಲಿ ಮಾಡಿ ಬಾಟಲಿಯನ್ನು ಅಲ್ಲಿ ಕೂರಿಸುತ್ತಿದ್ದರಂತೆ. ತಗ್ಗು ಬಂದಲ್ಲಿ ಬಸ್ಸನ್ನು ಎತ್ತಿನಬಂಡಿಯ ಹಾಗೆ ಇಳಿಸುತ್ತಿದ್ದರಂತೆ. ಯಾರಾದರೂ ಜಲ್ದಿ ಅಂದರೆ, “ಸಣ್ಣ ಬಾಯಿದು ನಾಷ್ಟಾ ಹೊಂಟದ ಸಾಹೇಬ್ರ, ಚೆಲ್ಲಬಾರ್ದು,” ಅನ್ನುತ್ತಿದ್ದರಂತೆ. ವಾರದೊಳಗೆ ದಿನಾ ಹೋಗಿಬರುವ ಮಂದಿಗೆಲ್ಲ ವಿಷಯ ಗೊತ್ತಾಯಿತು. ಟಿಕೆಟ್ ಕೇಳುವ ಮೊದಲು ಕೂಸಿನ ತೂಕ ಕೇಳುತ್ತಿದ್ದರಂತೆ.

ಸಂಜೆ ಗಂಡ ಬಂದು ಟಿಕೆಟ್ಟಿನ ಹಿಂದೆ ಬರೆದುಕೊಂಡ ತೂಕ ತೋರಿಸುತ್ತಿದ್ದ. ಒಂದು ಸಾವಿರದ ನೂರಾ ಐವತ್ತು. ಒಂದು ಸಾವಿರದ ನೂರು. ಒಂದು ಸಾವಿರದ ಅರವತ್ತು.

“ಇಳೀಲಾಕತ್ತದಲ್ರಿ.”

“ಮೊದಲ ವಾರ ಇಳೀತದಂತ ಶಶಿ. ಡಾಕ್ಟರ್ ಹೇಳ್ಯಾರ.” ಹೇಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ.

ಒಂದು ಸಂಜೆ ಬರಿಗೈಲಿ ಬಂದ.

ನಾನು ಕೇಳಲಿಲ್ಲ. ಅವ್ವನೂ ಕೇಳಲಿಲ್ಲ. ಅವನೇ ಚೀಲ ಕೆಳಗಿಟ್ಟು ಹೇಳಿದ, ಮೈಯೆಲ್ಲ ಹಳದಿಯಾಗಿ ಕಾಮಣಿ ಜೋರಾಗಿದೆ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಲೈಟಿನ ಕೆಳಗೆ ಮಲಗಿಸಿದ್ದಾರೆ, ತೂಗಲು ಎತ್ತಲಿಲ್ಲ. ಹೇಳಿ ಮುಗಿಸಿ ಗೋಡೆಗೆ ಒರಗಿ ಕೂತಲ್ಲೇ ಅವನಿಗೆ ನಿದ್ದೆ ಹತ್ತಿತು. ಬಾಯಿ ತೆರೆದು ಮಲಗಿದ್ದ ಅವನ ಮುಖವನ್ನು ನಾನು ಬಹಳ ಹೊತ್ತು ನೋಡಿದೆ. ಮುಂಜಾನೆಯಿಂದ ಎಷ್ಟು ಮಂದಿಗೆ ಟಿಕೆಟ್ ಹರಿದುಕೊಟ್ಟಿದ್ದನೋ, ಎಷ್ಟು ಮಂದಿಗೆ ಉತ್ತರ ಹೇಳಿದ್ದನೋ.

ಹನ್ನೆರಡನೆಯ ದಿನ ಜ್ವರ ಬಿಟ್ಟಿತು. ಖಾದರ್ ಸಾಬರ ಬಸ್ಸಿನಲ್ಲೇ ನಾನೂ ಗುಲ್ಬರ್ಗಾಕ್ಕೆ ಹೋದೆ.

ದೊಡ್ಡ ದವಾಖಾನೆಯ ಮಕ್ಕಳ ವಾರ್ಡಿನ ಹಿಂದೆ ಒಂದು ಉದ್ದನೆಯ ಕೋಣೆ. ಚಪ್ಪಲಿ ಹೊರಗೆ ಬಿಟ್ಟು, ಕೈ ಮೊಣಕೈವರೆಗೆ ತೊಳೆದು, ಮೇಲೆ ಒಂದು ಹಸಿರು ನಿಲುವಂಗಿ ತೊಟ್ಟು ಒಳಗೆ ಹೋಗಬೇಕು. ಕಿಟಕಿಗಳಿಗೆ ಕಾಗದ ಹಚ್ಚಿದ್ದರಿಂದ ಒಳಗೆ ಹೊತ್ತೇ ತಿಳಿಯುತ್ತಿರಲಿಲ್ಲ. ಎರಡು ಗಾಜಿನ ಪೆಟ್ಟಿಗೆಗಳು. ಇನ್‌ಕ್ಯುಬೇಟರ್ ಅನ್ನುತ್ತಾರೆ. ಒಂದರ ಮೇಲೆ ನೀಲಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಆ ನೀಲಿ ಗೋಡೆಗೆ, ನೆಲಕ್ಕೆ, ಹೆಡ್ ನರ್ಸ್ ಪ್ರಮೀಳಾ ಸಿಸ್ಟರ ಬಿಳಿ ಸೀರೆಗೆ ಎಲ್ಲ ಹತ್ತಿ ಇಡೀ ಕೋಣೆ ಬಾವಿಯ ತಳದ ಹಾಗಿತ್ತು. ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕುಳಿತಿದ್ದರು. ಹನ್ನೆರಡು ದಿನಕ್ಕೆ ಹತ್ತು ವರ್ಷ ಹೆಚ್ಚಿನವರಾಗಿ ಕಂಡರು.

“ನೋಡು ಬಾ,” ಅಂದರು.

ನೋಡಿದೆ. ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ‘ಶಶಿಕಲಾ ಅವರ ಮಗು’ ಎಂದು ಬರೆದಿತ್ತು. ತೊಡೆ ನನ್ನ ಹೆಬ್ಬೆರಳಿನಷ್ಟು. ಚರ್ಮದ ಕೆಳಗೆ ನರಗಳು ದಾರದ ಹಾಗೆ ಕಾಣುತ್ತಿದ್ದವು. ಮೂಗಿನಲ್ಲಿ ನಳಿ, ತಲೆಯಲ್ಲಿ ಸೂಜಿ, ಕಣ್ಣಿಗೆ ಕರಿ ಪಟ್ಟಿ. ಎದೆ ಮಾತ್ರ ಬಲು ಜೋರಾಗಿ, ಏನೋ ತಪ್ಪಿಸಿಕೊಂಡು ಓಡುತ್ತಿರುವಂತೆ, ಏರಿಳಿಯುತ್ತಿತ್ತು.

ಇದು ನನ್ನದು ಅನ್ನಿಸಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ. ಆದರೆ ಬರೆಯಲು ಕುಳಿತ ಮೇಲೆ ಇದನ್ನೇ ಬಿಟ್ಟರೆ ಉಳಿದದ್ದು ಬರೆದೂ ಉಪಯೋಗವಿಲ್ಲ. ಒಂಬತ್ತು ದಿನ ಹಾಲು ಹಿಂಡಿ ಕಳಿಸಿದವಳು ನಾನು. ಅದನ್ನು ಕುಡಿದ ಕೂಸನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಪ್ರಮೀಳಾ ಸಿಸ್ಟರ್ ಪೆಟ್ಟಿಗೆಯ ಸಣ್ಣ ಬಾಗಿಲು ತೆಗೆದು, “ಕೈ ಹಾಕ್ರಿ, ಮುಟ್ರಿ,” ಅಂದರು. “ನನ್ನ ಕೈ ಥಣ್ಣಗದ ಸಿಸ್ಟರ್,” ಅಂದೆ. ಮರುದಿನವೂ ಅದನ್ನೇ ಅಂದೆ. ಅದರ ಮರುದಿನವೂ.

ಮುಟ್ಟಿದರೆ ನನ್ನದಾಗುತ್ತದೆ. ನನ್ನದಾದ ಮೇಲೆ ಹೋದರೆ? ಇದೇ ನನ್ನ ಲೆಕ್ಕ. ಜೊತೆಗೆ ಇನ್ನೊಂದು ಮಾತು ಒಳಗೆ ತಿರುಗುತ್ತಿತ್ತು. ಬಸ್ಸು ಎತ್ತಿ ಒಗೆದದ್ದಕ್ಕೇ ಹೀಗಾಯಿತು, ನಾನೇ ಮಾಡಿದೆ. ಅತ್ತೆ ಅದನ್ನು ಹೇಳಲಿಲ್ಲ. ಅವರು ಹೇಳದಿರುವುದೇ ನನಗೆ ಕೇಳಿಸುತ್ತಿತ್ತು. ಒಂದು ದಿನ ಡಾಕ್ಟರು ರೌಂಡ್ಸಿಗೆ ಬಂದಾಗ ಅತ್ತೆಯ ಎದುರಿಗೇ ಕೇಳಿಬಿಟ್ಟೆ.

“ಡಾಕ್ಟ್ರೇ, ನಾ ದಿನಾ ಬಸ್ಸಿನ್ಯಾಗ ಓಡಾಡಿದ್ದಕ್ಕ ಹೀಂಗಾತೇನ್ರಿ?”

ವಯಸ್ಸಾದ, ಮೆತ್ತಗೆ ಮಾತನಾಡುವ ಮನುಷ್ಯ. ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದರು. “ಹೊಲದಾಗ ತುಂಬಿದ ದಿನದ ತನಕ ದುಡಿಯೋ ಹೆಣ್ಣುಮಕ್ಕಳು ನಿಮ್ಮ ಕಡಿ ಎಷ್ಟು ಮಂದಿ ಅದಾರ. ಅವರಿಗೆಲ್ಲ ಹೀಂಗಾಗ್ತದೇನು? ಯಾಕಾತು ಅಂತ ನನಗೂ ಗೊತ್ತಿಲ್ಲಮ್ಮ. ಬಸ್ಸಿನಿಂದ ಅಲ್ಲ. ಅದನ್ನ ತಲಿಯಿಂದ ತೆಗೀರಿ.”

ಅಂದು ಸಂಜೆ ಅತ್ತೆ ಒಂದು ಬಟ್ಟಲು ಗಂಜಿ ತಂದು ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ಸಿಸ್ಟರ ಕೈಲಿ ಕೊಟ್ಟು ಕಳಿಸುತ್ತಿದ್ದರು.

ಕಾಮಣಿ ಇಳಿಯಿತು. ಆದರೆ ಪೆಟ್ಟಿಗೆ ಎರಡು, ಕೂಸುಗಳು ಮೂರು. ಜೇವರ್ಗಿಯ ಮಹಾದೇವಿಯೆಂಬ ಹೆಣ್ಣುಮಗಳ ಗಂಡುಕೂಸು ನಮ್ಮದಕ್ಕಿಂತ ಸಣ್ಣದು. ಡಾಕ್ಟರು ನಮ್ಮ ಪೆಟ್ಟಿಗೆಯನ್ನು ಅದಕ್ಕೆ ಕೊಟ್ಟು ಅತ್ತೆಯ ಕಡೆ ತಿರುಗಿದರು.

“ಅಜ್ಜಿ, ಆಳಂದದಿಂದ ಬಂದಾಗ ಈ ಕೂಸಿನ ಮೈ ಬೆಚ್ಚಗಿತ್ತು. ಜೀಪಿನ್ಯಾಗ ಹೆಂಗ ತಂದ್ರಿ?”

“ಎದಿಗಿ ಹಚ್ಚಿಕೊಂಡು ತಂದೀನ್ರಿ.”

“ಹಂಗೇ ಇಟ್ಟುಕೊಳ್ರಿ. ಈ ಚಳಿಯೊಳಗ ನಮ್ಮ ಬಲ್ಬಿನ ಕಾವಿನಕಿಂತ ನಿಮ್ಮ ಎದಿ ಬರಾಬರ್ ಅದ.”

ಅಂದಿನಿಂದ ಕೂಸು ಅತ್ತೆಯ ಎದೆಯ ಮೇಲೆ ವಾಸಕ್ಕಿಳಿಯಿತು. ಆಳಂದದ ಅಯ್ಯನವರು ಕೂಸಿಗೆಂದು ಕೊಟ್ಟಿದ್ದ ಲಿಂಗವನ್ನು ಕಟ್ಟಲು ಅತ್ತೆ ಮೊದಲೇ ಕೇಳಿದ್ದರು. ಕೊರಳಿಗೆ ದಾರ ಬೇಡವೆಂದು ಸಿಸ್ಟರ್ ತಡೆದಿದ್ದರು. “ಹಂಗಾರ ನನ್ನ ಕೊರಳಾಗೇ ಇರ್ಲಿ. ಅದೂ ಇಲ್ಲೇ ಇರ್ತದ, ಕೂಸೂ ಇಲ್ಲೇ ಇರ್ತದ,” ಎಂದು ಅತ್ತೆ ತಮ್ಮ ಲಿಂಗದ ಜೊತೆಗೆ ಅದನ್ನೂ ಕಟ್ಟಿಕೊಂಡಿದ್ದರು. ಗೋಡೆಗೆ ದಿಂಬಿಟ್ಟು ಅರ್ಧ ಒರಗಿ, ಎರಡು ಲಿಂಗವನ್ನೂ ಹೆಗಲ ಹಿಂದಕ್ಕೆ ಸರಿಸಿ, ಕೂಸನ್ನು ಕಪ್ಪೆಯ ಹಾಗೆ ಎದೆಗೆ ಅಂಟಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. ತಾಸುಗಟ್ಟಲೆ ಅಲುಗುತ್ತಿರಲಿಲ್ಲ. ಉಸಿರು ನಿಂತಂತೆ ಕಂಡರೆ ಅಂಗಾಲಿಗೆ ಬೆರಳಿನಿಂದ ಚಿಮ್ಮಬೇಕು ಎಂದು ಸಿಸ್ಟರ್ ನಮಗಿಬ್ಬರಿಗೂ ಕಲಿಸಿದ್ದರು. ಬೇಗ ಹುಟ್ಟಿದ ಕೂಸುಗಳು ಉಸಿರಾಡುವುದನ್ನೇ ಮರೆಯುತ್ತವಂತೆ.

ನಾನು ಎದುರಿನ ಬೆಂಚಿನಲ್ಲಿ ಕುಳಿತು ಅವರಿಬ್ಬರನ್ನು ನೋಡುತ್ತಿದ್ದೆ. ಕಿಟಕಿ ಬಾಗಿಲು ಮುಚ್ಚಿದ ಆ ಕೋಣೆಯ ಕಾವಿಗೆ, ನೀರಿನ ಹೂಜಿಯಿಂದ ಹನಿ ಬೀಳುವ ಸದ್ದಿಗೆ ಮಂಪರು ಹತ್ತುತ್ತಿತ್ತು. ಮಂಪರಿನಲ್ಲಿ ಎಷ್ಟೋ ಸಲ ಅತ್ತೆಯೇ ಹಡೆದಿದ್ದಾರೆ, ನಾನು ಬಾಣಂತಿಯನ್ನು ಮಾತನಾಡಿಸಲು ಬಂದ ನೆಂಟಳು ಅನ್ನಿಸುತ್ತಿತ್ತು. ಎಚ್ಚರಾದ ಮೇಲೂ ಆ ಭಾವನೆ ಪೂರ್ತಿ ಹೋಗುತ್ತಿರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಿದ್ದೆ.

ಮಹಾದೇವಿಯೂ ಅದೇ ಬೆಂಚಿನಲ್ಲಿ ಕೂರುತ್ತಿದ್ದಳು. ಇಪ್ಪತ್ತರ ಹುಡುಗಿ. ಅವಳ ಗಂಡ ಜೇವರ್ಗಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಅವಳು ನನ್ನ ಹಾಗಲ್ಲ. ಪೆಟ್ಟಿಗೆಗೆ ಕೈ ಹಾಕಿ ಮಗನ ಅಂಗೈ ಮುಟ್ಟುತ್ತಾ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. “ನೀವೂ ಮಾತಾಡ್ರಿ ಅಕ್ಕಾ, ಕೂಸಿಗಿ ಕೇಳಸ್ತದ,” ಅನ್ನುತ್ತಿದ್ದಳು. ಅವನಿಗೊಂದು ಹೆಸರನ್ನೂ ಇಟ್ಟಿದ್ದಳು.

ಅವಳ ಕೂಸು ಇಪ್ಪತ್ತೆರಡನೆಯ ದಿನ ಹೋಯಿತು.

ಬೆಳಿಗ್ಗೆ ಹತ್ತರ ಸುಮಾರು. ನಾನು ಹಾಲು ಹಿಂಡಿ ಬಂದಾಗ ಪೆಟ್ಟಿಗೆಯ ದೀಪ ಆರಿತ್ತು. ಮಹಾದೇವಿ ಅಳುತ್ತಿರಲಿಲ್ಲ, ಗಂಡನ ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟನ್ನು ಹಿಡಿದು ನಿಂತಿದ್ದಳು. ಹೋಗುವ ಮೊದಲು ಅತ್ತೆಯ ಹತ್ತಿರ ಬಂದು ಸೆರಗಿನ ಸಂದಿಯಲ್ಲಿ ನಮ್ಮ ಕೂಸನ್ನು ಇಣುಕಿ ನೋಡಿದಳು. “ಇದಕ್ಕ ಛಲೋ ಆಗ್ಲಿ,” ಅಂದಳು. ಅತ್ತೆ ಅವಳ ಗಲ್ಲ ಹಿಡಿದರು. ಮಧ್ಯಾಹ್ನ ಆ ಪೆಟ್ಟಿಗೆಯನ್ನು ತೊಳೆದು ಒರೆಸಿ ನಮ್ಮ ಕೂಸನ್ನು ಅದರಲ್ಲಿ ಮಲಗಿಸಿದರು. ಅತ್ತೆಗೆ ಸ್ವಲ್ಪ ಮೈ ಚೆಲ್ಲಲು ಬಿಡುವಾಯಿತು. ಆ ಪೆಟ್ಟಿಗೆ ಸಿಕ್ಕಿದ್ದಕ್ಕೆ ನನಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ಎಂಥದೋ ಹೇಸಿಗೆಯಾಯಿತು. ಇವತ್ತಿಗೂ ಜೇವರ್ಗಿ ಎಂದು ಬೋರ್ಡು ಹಾಕಿದ ಬಸ್ಸು ಕಂಡರೆ ಅದರ ಕಿಟಕಿಗಳನ್ನೆಲ್ಲ ನೋಡುತ್ತೇನೆ.

ಅದಾಗಿ ಮೂರು ದಿನಕ್ಕೆ ಮುಂಜಾನೆ ಕರೆಂಟು ಹೋಯಿತು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಪ್ರಮೀಳಾ ಸಿಸ್ಟರ್ ಪೆಟ್ಟಿಗೆ ತೆರೆದು ಕೂಸನ್ನು ಎತ್ತಿಕೊಂಡು ಸೀದಾ ನನ್ನ ಹತ್ತಿರ ಬಂದರು.

“ಬಿಚ್ರಿ ಕುಪ್ಪಸ.”

“ಸಿಸ್ಟರ್, ನನ್ನ ಕೈ—”

“ಕೈ ಯಾರು ಕೇಳ್ಯಾರ? ಎದಿ ಬೆಚ್ಚಗದಲ್ಲ? ಜಲ್ದಿ ಮಾಡ್ರಿ.”

ನಾನು ಹ್ಞೂಂ ಅನ್ನುವ ಮೊದಲೇ ಕೂಸು ನನ್ನ ಎದೆಯ ಮೇಲಿತ್ತು. ತೂಕವೇ ಇರಲಿಲ್ಲ. ಬೆಚ್ಚಗಿನ ಒಂದು ಎಲೆ ಬಂದು ಬಿದ್ದ ಹಾಗೆ. ಆಮೇಲೆ ಅದರ ಬೆರಳುಗಳು ಚರ್ಮವನ್ನು ತಡವಿದವು. ಅಷ್ಟು ಸಣ್ಣ ಬೆರಳಿಗೆ ಉಗುರಿತ್ತು. ಉಗುರು ಗೀರಿದ್ದು ನನಗೆ ತಿಳಿಯಿತು. ಬಸಿರಿನಲ್ಲಿ ಒಳಗಿನಿಂದ ತಿಳಿದಿದ್ದ ಅದೇ ಚಲನೆ, ಈಗ ಹೊರಗಿನಿಂದ. ನಾನು ಕಣ್ಣು ಮುಚ್ಚಿದೆ. ನೀರಿನ ಮೇಲೆ ಮಲಗಿದಂತಿತ್ತು. ಕೂಸು ಇನ್ನೂ ಹುಟ್ಟಿಲ್ಲ, ಕುಬಸ ಇನ್ನೂ ಆಗಬೇಕು, ದಿನಗಳೆಲ್ಲ ಮುಂದೆ ಇವೆ ಅನ್ನಿಸಿತು.

ಆಗ ಎದೆಯ ಮೇಲಿನ ಏರಿಳಿತ ನಿಂತಿತು.

ಕಣ್ಣು ತೆರೆದೆ. ತುಟಿಯ ಸುತ್ತ ನೀಲಿ. ಸಿಸ್ಟರ್ ಕೋಣೆಯ ಆಚೆ ತುದಿಯಲ್ಲಿ ಇನ್ನೊಂದು ಪೆಟ್ಟಿಗೆಯ ಮೇಲೆ ಬಾಗಿದ್ದರು. ನನ್ನ ಕೈ ತಾನೇ ಹೋಯಿತು. ಅಂಗಾಲಿಗೆ ಚಿಮ್ಮಿದೆ. ಏನೂ ಆಗಲಿಲ್ಲ. ಮತ್ತೆ ಚಿಮ್ಮಿದೆ, ಜೋರಾಗಿ, ಕೋಪದಿಂದ. “ಏಳ್ ಬೇ!” ಎಂದು ಕೂಗಿದೆ. ನನ್ನ ಮಗಳಿಗೆ ನಾನು ಆಡಿದ ಮೊದಲ ಮಾತು ಅದು. ಕೂಸು ಒಮ್ಮೆ ಬಿಕ್ಕಳಿಸಿ, ಮುಖ ಕಿವುಚಿ, ಉಸಿರು ಎಳೆಯಿತು. ಆಮೇಲೆ ಅತ್ತಿತು. ಸಿಸ್ಟರ್ ಓಡಿ ಬಂದು ಕೂಸಿನ ತುಟಿ ನೋಡಿದರು. ಅತ್ತೆ ಒದ್ದೆ ಕೂದಲಲ್ಲೇ ಬಾಗಿಲಲ್ಲಿ ನಿಂತಿದ್ದರು.

“ಕೊಡು ನನ್ನ ಕೈಯಾಗ,” ಅಂದರು ಅತ್ತೆ.

“ಇರ್ಲಿ ಬಿಡ್ರಿ ಅತ್ತಿ. ನನ್ನ ಹತ್ರಾನೇ ಇರ್ಲಿ,” ಅಂದೆ.

ಸ್ವಲ್ಪ ಹೊತ್ತಿಗೆ ಅವರು ನನ್ನ ಪಕ್ಕದಲ್ಲಿ ಕುಳಿತು ಕೂದಲು ಆರಿಸಿಕೊಳ್ಳುತ್ತಾ, ಗೋಡೆ ನೋಡುತ್ತಾ ಒಂದು ಮಾತು ಹೇಳಿದರು. ನನ್ನ ಗಂಡನಿಗಿಂತ ಮೊದಲು ಅವರಿಗೊಂದು ಹೆಣ್ಣುಕೂಸು ಹುಟ್ಟಿತ್ತು. ಅದೂ ಏಳು ತಿಂಗಳಿಗೆ. ಬುಟ್ಟಿಯಲ್ಲಿ ಹತ್ತಿ ಹಾಸಿ ಒಲೆಯ ಮಗ್ಗುಲಿಗೆ ಇಟ್ಟಿದ್ದರು.

“ಎತ್ತಬ್ಯಾಡ, ಮೈ ನೋಯ್ತದ ಅಂತ ಹಿರ್ಯಾರು ಹೇಳಿದ್ರು. ನಾನೂ ಎತ್ತಲಿಲ್ಲ. ಹದಿನೇಳು ವರ್ಷದಾಕಿ, ನನಗೇನು ಗೊತ್ತು? ದೂರ ಕುಂತು ನೋಡಿದೆ. ಹನ್ನೊಂದ ದಿನ ಇತ್ತು.” ಕೂದಲ ಸಿಕ್ಕು ಬಿಡಿಸಿದರು. “ಒಮ್ಮೆನೂ ಎತ್ತಿಕೊಳ್ಳಲಿಲ್ಲ ಶಶಿ. ನಿನ್ನ ಗಂಡಗೂ ಗೊತ್ತಿಲ್ಲ ಇದು.”

ನನ್ನ ಸೆರಗಿನೊಳಗಿನಿಂದ ಕೂಸಿನ ಕಾಲೊಂದನ್ನು ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಹಾಗೆಯೇ ಕುಳಿತೆವು. ಎಷ್ಟೋ ಹೊತ್ತಿನ ಮೇಲೆ ಕರೆಂಟು ಬಂತು.

ಆಮೇಲಿನ ದಿನಗಳು ಉದ್ದ ಮತ್ತು ಮೆತ್ತಗಿನ ದಿನಗಳು. ಮುಂಜಾನೆ ನಾನು, ಮಧ್ಯಾಹ್ನ ಅತ್ತೆ, ಸಂಜೆ ಮತ್ತೆ ನಾನು. ಎಳ್ಳಮಾಸಿಯ ದಿನ ಖಾದರ್ ಸಾಬರ ಬಸ್ಸಿನಲ್ಲಿ ಸಜ್ಜೆ ರೊಟ್ಟಿ, ಭಜ್ಜಿಪಲ್ಯದ ಗಂಟು ಬಂತು. ಊರವರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ನಾವು ವಾರ್ಡಿನ ಹಿಂದಿನ ಬೇವಿನ ನೆರಳಿನಲ್ಲಿ ಕುಳಿತು ಪ್ರಮೀಳಾ ಸಿಸ್ಟರಿಗೂ ಬಡಿಸಿದೆವು. ಅದೇ ವಾರ ಕೂಸು ಹುಟ್ಟಿದ ದಿನದ ತೂಕ ದಾಟಿತು. ಆಮೇಲೆ ಹೊಟ್ಟೆ ಉಬ್ಬಿ ಎರಡು ದಿನ ಹಾಲು ನಿಲ್ಲಿಸಿದರು, ತೂಕ ಮತ್ತೆ ಇಳಿಯಿತು. ಮತ್ತೆ ಏರಿತು. ಗ್ರಾಮುಗಳಿಗೆ ಇಷ್ಟು ಬೆಲೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಳಿ ತೆಗೆದ ದಿನ ಒಳಲೆಯಲ್ಲಿ ಕುಡಿಸಿದೆವು. ನಲವತ್ತೈದನೆಯ ದಿನ ಅವಳು ತಾನೇ ಬಾಯಿ ಹಾಕಿ ಹಾಲು ಚೀಪಿದಳು. ನಾಲ್ಕು ಸಲ ಚೀಪಿ ಸುಸ್ತಾಗಿ ಮಲಗಿಬಿಟ್ಟಳು. ಗಂಡ ಅಂದು ಬಸ್ಸಿನಲ್ಲಿ ಅದನ್ನೇ ಹೇಳಿದನಂತೆ: ತೂಕ ಅಲ್ರಿ, ಇವತ್ತ ನಾಕು ಗುಟುಕು.

ಅರವತ್ತೊಂದನೆಯ ದಿನ, ಸಾವಿರದ ಎಂಟುನೂರು ಗ್ರಾಂ ಆದಾಗ ಡಿಸ್‌ಚಾರ್ಜ್ ಬರೆದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. “ಕೂಡೋದು, ನಡಿಯೋದು ತಡಾ ಆಗಬಹುದು. ಕಣ್ಣು, ಕಿವಿ ನೋಡ್ತಾ ಇರಬೇಕು. ಈಗೇ ಏನೂ ಹೇಳ್ಲಾಕ ಬರಲ್ಲ. ತಿಂಗಳಿಗೊಮ್ಮೆ ತಪ್ಪಸಬ್ಯಾಡ್ರಿ.” ಅತ್ತೆ ಕೈ ಮುಗಿದರು. ಡಾಕ್ಟರೂ ಅವರಿಗೆ ಕೈ ಮುಗಿದರು.

ಹೆಸರಿಡುವಾಗ ಸೋದರತ್ತೆ ಕಿವಿಯಲ್ಲಿ ಹೇಳಬೇಕು. ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ನಾನು ಅತ್ತೆಯನ್ನೇ ಕೇಳಿದೆ. “ಅತ್ತಿ, ನಿಮ್ಮ ಆ ಮಗಳಿಗಿ ಏನಾರ ಹೆಸರಿಟ್ಟಿದ್ರೇನು?” ಇಲ್ಲ ಎಂದು ತಲೆಯಾಡಿಸಿದರು. ಬಹಳ ಹೊತ್ತು ಯೋಚಿಸಿ, “ಅಕ್ಕಮ್ಮ ಅನ್ನೋಣೇನು?” ಅಂದರು. ಅಕ್ಕಮ್ಮ ಎಂದೇ ಕರೆದೆವು.

ಈಗ ಅಕ್ಕಮ್ಮನಿಗೆ ಹನ್ನೊಂದು ತಿಂಗಳು. ಕೂರುವುದು ಮೊನ್ನೆ ಮೊನ್ನೆ ಬಂದಿದೆ, ಅದೂ ಎಡಕ್ಕೆ ವಾಲುತ್ತಾಳೆ. ನಿಲ್ಲುವುದಿಲ್ಲ. ಬಲಗಣ್ಣು ಆಗೊಮ್ಮೆ ಈಗೊಮ್ಮೆ ಮೂಗಿನ ಕಡೆ ಸರಿಯುತ್ತದೆ, ಕನ್ನಡಕ ಬೇಕಾಗಬಹುದು ಅಂದಿದ್ದಾರೆ. ಕಿವಿ ಚೆನ್ನಾಗಿದೆ, ಅತ್ತೆಯ ಬಳೆಯ ಸದ್ದಿಗೆ ತಿರುಗುತ್ತಾಳೆ. ನಾನು ಮತ್ತೆ ನೌಕರಿಗೆ ಹೋಗುತ್ತಿದ್ದೇನೆ. ಎಣ್ಣೆ ಎಷ್ಟು ತಿಕ್ಕಬೇಕು ಅನ್ನುವುದಕ್ಕೆ ಅತ್ತೆಗೂ ನನಗೂ ದಿನಾ ಜಗಳ. ಮೊದಲು ನಾವು ಜಗಳವನ್ನೂ ಆಡುತ್ತಿರಲಿಲ್ಲ. ಕೆಲವು ಮಧ್ಯಾಹ್ನ ಕೂಸು ಗಾಢವಾಗಿ ಮಲಗಿದ್ದರೆ ನನ್ನ ಕೈ ತಾನೇ ಅದರ ಎದೆಯ ಮೇಲೆ ಹೋಗಿ ಕಾಯುತ್ತದೆ. ಈ ಭಯ ಹೋಗುತ್ತದೆಂದು ನಾನು ಕಾದಿಲ್ಲ. ಇರಲಿ, ಅದೂ ಮನೆಯಲ್ಲೊಂದು ಕಡೆ ಇರಲಿ.

ನಿನ್ನೆ ಶಾಲೆಯಿಂದ ಬಂದು ಕೈಕಾಲು ತೊಳೆದು ಅವಳನ್ನು ಎತ್ತಿಕೊಂಡೆ. ಒಸಡು ತಡವಿ ನೋಡೋಣವೆಂದು ಬಾಯಲ್ಲಿ ಬೆರಳಿಟ್ಟೆ. ಕೆಳಗೆ ಜೋಳದ ಕಾಳಿನ ತುದಿಯಷ್ಟು ಏನೋ ಚುಚ್ಚಿತು. ಹಲ್ಲು. ಅಕ್ಕಮ್ಮ ನನ್ನನ್ನೇ ದಿಟ್ಟಿಸಿ ನೋಡುತ್ತಾ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕಚ್ಚಿದಳು. ಒಳ್ಳೆ ನೋವಾಯಿತು.

ಇನ್ನೊಂದು ಬೆರಳು ಕೊಟ್ಟೆ.